ಸ್ಮಾರ್ಟ್ 'ಪಾಸ್ಡ್' ಅನ್ನುತ್ತೆ, ಸರ್ವರ್ ಮಾತ್ರ ಅರ್ಧ ನಿಮಿಷ ನಿಂತುಬಿಡುತ್ತೆ: ಕಮಾಂಡ್ ಲೈನ್‌ನಿಂದಲೇ ಹಾರ್ಡ್‌ವೇರ್ ನೋಡುವುದು ಹೇಗೆ?

ರೂಟ್_ಅಲ್ಲ:
ಎರಡು ಸಾಕೆಟ್‌ನ ರ‍್ಯಾಕ್ ಸರ್ವರ್. ಮದರ್‌ಬೋರ್ಡಿನ ಸಾಟಾ ಪೋರ್ಟುಗಳಿಗೇ ಆರು ಡಿಸ್ಕ್, ಅವುಗಳ ಮೇಲೆ ಎಂಡಿಎಡಿಎಂ ರೈಡ್ 6 (ಲಿನಕ್ಸೇ ಡಿಸ್ಕುಗಳನ್ನು ಒಂದಾಗಿ ಕಟ್ಟುವ ಬಗೆ, ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತೆ). ಓಎಸ್ ಇರುವುದು ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಮೇಲೆ. ದಿನಕ್ಕೆ ಮೂರ‍್ನಾಲ್ಕು ಸಲ ಅರ್ಧ ನಿಮಿಷದಷ್ಟು ಎಲ್ಲ ನಿಂತುಹೋಗುತ್ತೆ. ಲೋಡ್ ಆವರೇಜ್ 40 ದಾಟುತ್ತೆ, ಸಿಪಿಯು ಮಾತ್ರ ಖಾಲಿ ಕೂತಿರುತ್ತೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತೆ. ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ದಾಖಲೆ (ಸ್ಮಾರ್ಟ್) ನೋಡಲು ಆರೂ ಡಿಸ್ಕಿಗೆ ಸ್ಮಾರ್ಟ್‌ಸಿಟಿಎಲ್ ದೊಡ್ಡಕ್ಷರದ -ಎಚ್ ಹೊಡೆದೆ, ಆರೂ 'ಪಾಸ್ಡ್'. ಯಂತ್ರದ ಹತ್ತಿರ ಹೋಗುವಂತಿಲ್ಲ, ಎಸ್‌ಎಸ್‌ಎಚ್ ಒಂದೇ ದಾರಿ. ಒಮ್ಮೆ ರೀಬೂಟ್ ಮಾಡಿ ನೋಡಲೇ?

ಮೂರನೇಪಾಳಿ:
ಬೇಡ, ರೀಬೂಟ್ ಬೇಡವೇ ಬೇಡ. ಮೆಮೊರಿ ತಪ್ಪುಗಳ ಎಣಿಕೆ ಸೊನ್ನೆಗೆ ಹೋಗುತ್ತೆ, ಪಿಸಿಐ ತಪ್ಪುಗಳ ಎಣಿಕೆಯೂ ಹಾಗೇ. /ವಾರ್/ಲಾಗ್/ಜರ್ನಲ್ ಅನ್ನುವ ಡೈರೆಕ್ಟರಿ ಇಲ್ಲದಿದ್ದರೆ ಕರ್ನಲ್ ಲಾಗ್ ಕೂಡ /ರನ್ ಒಳಗಿನದು, ಅದೂ ಅಳಿಸಿಹೋಗುತ್ತೆ. ಅಂದರೆ ಸಾಕ್ಷಿಯನ್ನು ನೀವೇ ಗುಡಿಸಿ ಹಾಕಿದ ಹಾಗೆ.

ಮೊದಲು ಇರುವುದನ್ನೆಲ್ಲ ಒಂದು ಡೈರೆಕ್ಟರಿಗೆ ತುಂಬಿಟ್ಟುಕೊಳ್ಳಿ: ಡಿಮೆಸ್ಗ್ ದೊಡ್ಡಕ್ಷರದ -ಟಿ (ಕರ್ನಲ್ ಲಾಗ್, ತಾರೀಖಿನ ಸಮೇತ), ಆರೂ ಡಿಸ್ಕಿನ ಸ್ಮಾರ್ಟ್‌ಸಿಟಿಎಲ್ -ಎಕ್ಸ್, ಐಪಿಎಂಐಟೂಲ್ ಎಸ್‌ಇಎಲ್ ಇಲಿಸ್ಟ್ (ಬಿಎಂಸಿ, ಅಂದರೆ ಬೋರ್ಡಿನ ಮೇಲೆ ಕೂತು ಯಂತ್ರವನ್ನು ಕಾಯುವ ಪುಟ್ಟ ಕಂಪ್ಯೂಟರ್, ಬರೆದಿಡುವ ಘಟನೆಗಳ ಲಾಗ್), ಎಲ್‌ಎಸ್‌ಪಿಸಿಐ -ವಿವಿ (ಪಿಸಿಐ ಸಾಧನಗಳ ವಿವರ). ಕಡತದ ಹೆಸರಲ್ಲಿ ತಾರೀಖು, ಗಂಟೆ ಇರಲಿ. ನಾಳೆ ಇವನ್ನೇ ಮತ್ತೆ ತೆಗೆದು ಡಿಫ್ ಮಾಡಬೇಕು. ಹಾರ್ಡ್‌ವೇರ್ ಕೌಂಟರುಗಳಲ್ಲಿ ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ, ಎರಡು ದಿನಗಳ ನಡುವಿನ ವ್ಯತ್ಯಾಸ ಹೇಳುತ್ತೆ.

ಇನ್ನು ಆ 'ಪಾಸ್ಡ್'. ಡಿಸ್ಕ್ ತಯಾರಕರು ಪ್ರತಿ ಲಕ್ಷಣಕ್ಕೂ ಒಂದು ಗಡಿ ಇಟ್ಟಿರುತ್ತಾರೆ. ಡಿಸ್ಕ್ ತನಗೆ ತಾನೇ ಹಾಕಿಕೊಂಡ ಅಂಕ (ನಾರ್ಮಲೈಸ್ ಮಾಡಿದ ಬೆಲೆ) ಆ ಗಡಿಗೆ ಇಳಿದಾಗ ಮಾತ್ರ -ಎಚ್ 'ಫೇಲ್ಡ್' ಅನ್ನುತ್ತೆ. ಗಡಿಯನ್ನು ಎಷ್ಟು ಕೆಳಗಿಟ್ಟಿರುತ್ತಾರೆ ಅಂದರೆ ಡಿಸ್ಕ್ ಸತ್ತ ಮೇಲೂ ಕೆಲವು 'ಪಾಸ್ಡ್' ಅನ್ನುತ್ತಲೇ ಇರುತ್ತವೆ. ನೋಡಬೇಕಾದ್ದು ಕೊನೇ ಕಾಲಮ್ಮಿನ ರಾ ವ್ಯಾಲ್ಯೂ, ಅದೂ ಈ ಆರು ಸಾಲುಗಳಲ್ಲಿ: 5, ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು. 187, ಸರಿಪಡಿಸಲಾಗದೆ ವರದಿಯಾದ ತಪ್ಪುಗಳು. 188, ಕಮಾಂಡ್ ಟೈಮ್‌ಔಟ್. 197, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. 198, ಆಫ್‌ಲೈನ್ ತಪಾಸಣೆಯಲ್ಲೂ ಓದಲಾಗದವು. 199, ಕೇಬಲ್ ದಾಟುವಾಗ ಕೆಟ್ಟ ಡೇಟಾ.

1 ಮತ್ತು 7ರಲ್ಲಿ ಕೋಟಿಗಟ್ಟಲೆ ಅಂಕಿ ಕಂಡು ಹೆದರಬೇಡಿ. ಸೀಗೇಟ್ ಡಿಸ್ಕುಗಳಲ್ಲಿ ಅದು 48 ಬಿಟ್‌ನ ಸಂಖ್ಯೆ. ಮೇಲಿನ 16 ಬಿಟ್ ತಪ್ಪುಗಳ ಎಣಿಕೆ, ಕೆಳಗಿನ 32 ಬಿಟ್ ಒಟ್ಟು ಕೆಲಸದ ಎಣಿಕೆ. ಹೊಸ ಡಿಸ್ಕಿನಲ್ಲೂ ದೊಡ್ಡದಾಗೇ ಕಾಣುತ್ತೆ.

ಹಳೇಕೇಬಲ್:
ಅರ್ಧ ನಿಮಿಷ ಅಂದಿರಲ್ಲ, ಅದು ನಿಖರವಾಗಿ 30 ಸೆಕೆಂಡಿನ ಆಸುಪಾಸೇ? ಹಾಗಿದ್ದರೆ ಡಿಮೆಸ್ಗ್‌ನಲ್ಲಿ 'ಹಾರ್ಡ್ ರಿಸೆಟ್ಟಿಂಗ್ ಲಿಂಕ್' ಹುಡುಕಿ. ಅದಕ್ಕಿಂತ ಮೇಲಿನ ನಾಲ್ಕೈದು ಸಾಲು ಮುಖ್ಯ, ಎಲ್ಲರೂ ಅದನ್ನೇ ಬಿಟ್ಟು ಕೊನೇ ಸಾಲನ್ನು ಅಂಟಿಸುತ್ತಾರೆ. 'ಫೇಲ್ಡ್ ಕಮಾಂಡ್' ಆದ ಮೇಲೆ ಬರುವ ಈಮಾಸ್ಕ್ ಸಾಲಿನಲ್ಲಿ ಕಾರಣ ಇರುತ್ತೆ.

'ಮೀಡಿಯಾ ಎರರ್', ಜೊತೆಗೆ 'ಯುಎನ್‌ಸಿ' ಅಂತಿದ್ದರೆ ತಟ್ಟೆಯ ಮೇಲಿನ ಸೆಕ್ಟರೇ ಓದಲು ಬರುತ್ತಿಲ್ಲ. 'ಎಟಿಎ ಬಸ್ ಎರರ್', 'ಐಸಿಆರ್‌ಸಿ' ಅಂತಿದ್ದರೆ ಡಿಸ್ಕಿನ ತಪ್ಪಲ್ಲ. ಕೇಬಲ್, ಬ್ಯಾಕ್‌ಪ್ಲೇನ್ ಅಥವಾ ಸಡಿಲ ಕನೆಕ್ಟರ್. 199ರ ಅಂಕಿಯೂ ಏರಿರುತ್ತೆ. ಕೇಬಲ್ ಬದಲಿಸಿದರೂ ಅದು ಇಳಿಯಲ್ಲ, ಏರುವುದು ನಿಲ್ಲುತ್ತೆ ಅಷ್ಟೆ. ಬರೀ 'ಟೈಮ್‌ಔಟ್', ಜೊತೆಗೆ 'ಫ್ರೋಜನ್' ಅಂತಿದ್ದರೆ ಡಿಸ್ಕ್ ಉತ್ತರವನ್ನೇ ಕೊಟ್ಟಿಲ್ಲ.

ಎಟಿಎ5 ಯಾವ ಡಿಸ್ಕ್ ಅಂತ ತಿಳಿಯಲು ಎಲ್‌ಎಸ್ -ಎಲ್ /ಸಿಸ್/ಬ್ಲಾಕ್ ಹೊಡೆಯಿರಿ, ಲಿಂಕಿನ ದಾರಿಯಲ್ಲೇ ಎಟಿಎ ಸಂಖ್ಯೆ ಕಾಣುತ್ತೆ. ಎಟಿಎ5 ಅಂದರೆ ಐದನೇ ಡಿಸ್ಕ್ ಅಂದುಕೊಳ್ಳಬೇಡಿ.

ರೂಟ್_ಅಲ್ಲ:
ಸಿಕ್ಕಿತು! ಹದಿಮೂರು ಸಲ, ಎಲ್ಲವೂ ಎಟಿಎ5. 'ರೀಡ್ ಎಫ್‌ಪಿಡಿಎಂಎ ಕ್ಯೂಡ್', ಈಮಾಸ್ಕ್ 'ಟೈಮ್‌ಔಟ್', ಆಮೇಲೆ ಹಾರ್ಡ್ ರಿಸೆಟ್. ಡಿಸ್ಕ್ ಎಸ್‌ಡಿಇ. ಅದರಲ್ಲಿ 5ನೇ ಸಾಲು 0, 197 ಮತ್ತು 198 ಎರಡೂ 24, 199 ಸೊನ್ನೆ. ಉಳಿದ ಐದರಲ್ಲಿ ಎಲ್ಲ ಸೊನ್ನೆ. 5 ಸೊನ್ನೆ ಇದೆಯಲ್ಲ, ಡಿಸ್ಕ್ ಚೆನ್ನಾಗಿದೆ ಅಂತಲೇ?

ಹಳೇಕೇಬಲ್:
ಉಲ್ಟಾ. 5 ಸೊನ್ನೆ ಇರುವುದು ಯಾವ ಸೆಕ್ಟರಿಗೂ ಇನ್ನೂ ತೀರ್ಮಾನ ಆಗಿಲ್ಲ ಎಂಬ ಕಾರಣಕ್ಕೆ. ಓದಲಾಗದ ಸೆಕ್ಟರನ್ನು ಡಿಸ್ಕ್ ತಾನಾಗಿ ಬದಲಿಸುವುದಿಲ್ಲ, ಒಳಗಿನ ಡೇಟಾ ಮತ್ತೆ ಯಾವಾಗಲಾದರೂ ಓದಲು ಬರಬಹುದು ಅಂತ ಹಾಗೇ ಇಟ್ಟುಕೊಂಡಿರುತ್ತೆ. ಅದೇ 197. ಅದರ ಮೇಲೆ ಯಾರಾದರೂ ಬರೆದಾಗ ಮಾತ್ರ ಪರೀಕ್ಷಿಸುತ್ತೆ. ಬರೆದದ್ದು ನಿಂತರೆ ಅಂಕಿ ಇಳಿಯುತ್ತೆ, ನಿಲ್ಲದಿದ್ದರೆ ಬದಲಿ ಸೆಕ್ಟರ್ ಕೊಟ್ಟು 5ನ್ನು ಏರಿಸುತ್ತೆ.

ಈಗ ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ ಹೊಡೆದು ಏನು ಬರುತ್ತೆ ಹೇಳಿ. ಕೆಟ್ಟ ಸೆಕ್ಟರಿನ ಜೊತೆ ಡಿಸ್ಕ್ ಎಷ್ಟು ಹೊತ್ತು ಹೆಣಗಬೇಕು ಎಂಬ ಗಡುವು ಅದರಲ್ಲಿ ಕಾಣುತ್ತೆ.

ರೂಟ್_ಅಲ್ಲ:
ಆರರಲ್ಲೂ ರೀಡ್ 'ಡಿಸೇಬಲ್ಡ್', ರೈಟ್ 'ಡಿಸೇಬಲ್ಡ್'.

ಹಳೇಕೇಬಲ್:
ಹಾಗಾದರೆ ನಿಮ್ಮ ಅರ್ಧ ನಿಮಿಷ ಎಲ್ಲಿಂದ ಬಂತು ಅಂತ ಗೊತ್ತಾಯಿತು. ಕರ್ನಲ್ ಒಂದು ಕಮಾಂಡಿಗೆ 30 ಸೆಕೆಂಡ್ ಕಾಯುತ್ತೆ. /ಸಿಸ್/ಬ್ಲಾಕ್/ಎಸ್‌ಡಿಇ/ಡಿವೈಸ್/ಟೈಮ್‌ಔಟ್ ಕಡತದಲ್ಲಿರುವ ಅಂಕಿ ಅದೇ. ಡಿಸ್ಕಿಗೆ ಗಡುವು ಇಲ್ಲದ್ದರಿಂದ ಕೆಟ್ಟ ಸೆಕ್ಟರನ್ನು ಅದು ಅದಕ್ಕಿಂತ ಹೆಚ್ಚು ಹೊತ್ತು ಉಜ್ಜುತ್ತಲೇ ಇರುತ್ತೆ. ಕರ್ನಲ್ ಸಾಕಾಗಿ ಲಿಂಕನ್ನೇ ರಿಸೆಟ್ ಮಾಡುತ್ತೆ. ಡಿಸ್ಕಿನಿಂದ 'ಈ ಸೆಕ್ಟರ್ ಓದಲಾಗಲಿಲ್ಲ' ಎಂಬ ಉತ್ತರ ಬರುವುದೇ ಇಲ್ಲ. ಬಂದಿದ್ದರೆ ರೈಡ್ ಉಳಿದ ಡಿಸ್ಕುಗಳಿಂದ ಆ ಡೇಟಾ ಕಟ್ಟಿ ಅದೇ ಜಾಗಕ್ಕೆ ಬರೆದುಬಿಡುತ್ತಿತ್ತು, 197 ತಾನಾಗಿ ಇಳಿಯುತ್ತಿತ್ತು. ಇದೇ ಗತಿಯಲ್ಲಿ ಬಿಟ್ಟರೆ ಒಂದು ದಿನ ರೈಡ್ ಇಡೀ ಡಿಸ್ಕನ್ನೇ ಹೊರಗೆ ಹಾಕುತ್ತೆ.

ಹೀಗೆ ಮಾಡಿ. ಆರಕ್ಕೂ ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70. ಇಲ್ಲಿ 70 ಅಂದರೆ ಸೆಕೆಂಡಿನ ಹತ್ತನೇ ಭಾಗದ ಲೆಕ್ಕ, ಅಂದರೆ 7 ಸೆಕೆಂಡ್. ಈ ಸೌಲಭ್ಯವೇ ಇಲ್ಲದ ಡಿಸ್ಕಾದರೆ ಕರ್ನಲ್ ಕಡೆಯ ಟೈಮ್‌ಔಟನ್ನೇ 180ಕ್ಕೆ ಏರಿಸಬೇಕು. ನಿಲ್ಲುವುದು ಇನ್ನೂ ಉದ್ದವಾಗುತ್ತೆ, ಆದರೆ ರೈಡ್ ಒಡೆಯಲ್ಲ. ಕರೆಂಟ್ ಹೋಗಿ ಬಂದರೆ ಎರಡೂ ಮರೆತುಹೋಗುತ್ತವೆ, ಹಾಗಾಗಿ ಯುಡೆವ್ ರೂಲ್ (ಡಿಸ್ಕ್ ಕಂಡ ಕೂಡಲೇ ಓಡುವ ನಿಯಮ) ಅಥವಾ ಬೂಟ್ ಸ್ಕ್ರಿಪ್ಟಿನಲ್ಲಿ ಹಾಕಿ. ಆಮೇಲೆ /ಸಿಸ್/ಬ್ಲಾಕ್/ಎಂಡಿ0/ಎಂಡಿ/ಸಿಂಕ್_ಆಕ್ಷನ್ ಕಡತಕ್ಕೆ 'ಚೆಕ್' ಅಂತ ಬರೆಯಿರಿ. /ಪ್ರಾಕ್/ಎಂಡಿಸ್ಟ್ಯಾಟ್‌ನಲ್ಲಿ ಪ್ರಗತಿ ಕಾಣುತ್ತೆ.

ಎಚ್‌ಡಿಪಾರ್ಮ್‌ನ ರೈಟ್-ಸೆಕ್ಟರ್ ಬಳಸಿ ಕೈಯಿಂದ ಸೊನ್ನೆ ಬರೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ರೈಡಿನ ಸದಸ್ಯ ಡಿಸ್ಕಿನ ಮೇಲೆ ರೈಡಿಗೆ ಹೇಳದೆ ಬರೆದರೆ ಪ್ಯಾರಿಟಿ (ಕಳೆದ ಡೇಟಾ ಮತ್ತೆ ಕಟ್ಟಲು ರೈಡ್ ಇಟ್ಟುಕೊಂಡ ಲೆಕ್ಕ) ತಾಳೆಯಾಗುವುದಿಲ್ಲ, ಓದಲು ಬರುತ್ತಿರಲಿಲ್ಲ ಎಂಬ ಕಡೆ ಈಗ ತಪ್ಪು ಡೇಟಾ ಸದ್ದಿಲ್ಲದೆ ಕೂರುತ್ತೆ.

ಇಣುಕು:
ಡಿಸ್ಕ್ ಸಿಕ್ಕಿತೆಂದು ಉಳಿದದ್ದನ್ನು ಬಿಡಬೇಡಿ. ಐಪಿಎಂಐಟೂಲ್ ಎಸ್‌ಇಎಲ್ ಇಲಿಸ್ಟ್ ಏನನ್ನುತ್ತೆ? /ಡೆವ್/ಐಪಿಎಂಐ0 ಇಲ್ಲ ಅಂತ ಬೈದರೆ ಮೊದಲು ಐಪಿಎಂಐ_ಎಸ್‌ಐ, ಐಪಿಎಂಐ_ಡೆವ್‌ಇಂಟ್‌ಎಫ್ ಎರಡೂ ಮಾಡ್ಯೂಲ್ ಮಾಡ್‌ಪ್ರೋಬ್ ಮಾಡಿ.

ರೂಟ್_ಅಲ್ಲ:
ಎರಡು ಸಾಲು ವಿಚಿತ್ರವಾಗಿವೆ. ಒಂದು 'ಪ್ರಿ-ಇನಿಟ್' ಅಂತ, ತಾರೀಖೇ ಇಲ್ಲ. ಇನ್ನೊಂದು ಪಿಎಸ್2, 'ಪವರ್ ಸಪ್ಲೈ ಎಸಿ ಲಾಸ್ಟ್, ಅಸರ್ಟೆಡ್'. ಎರಡನೇ ಪವರ್ ಸಪ್ಲೈ ಸತ್ತಿದೆಯೇ?

ಇಣುಕು:
ಸತ್ತಿಲ್ಲ, ಅದಕ್ಕೆ ಕರೆಂಟ್ ಬರುತ್ತಿಲ್ಲ. 'ಎಸಿ ಲಾಸ್ಟ್' ಅಂದರೆ ಹಿಂದಿನ ತಂತಿ, ಪಿಡಿಯು (ರ‍್ಯಾಕಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ), ಬ್ರೇಕರ್ ಕಡೆ ನೋಡಬೇಕು. ಯೂನಿಟ್ಟೇ ಕೆಟ್ಟಿದ್ದರೆ 'ಫೇಲ್ಯೂರ್ ಡಿಟೆಕ್ಟೆಡ್' ಅನ್ನುತ್ತೆ. ಐಪಿಎಂಐಟೂಲ್ ಎಸ್‌ಡಿಆರ್ ಟೈಪ್ 'ಪವರ್ ಸಪ್ಲೈ' ಹೊಡೆದರೆ ಈ ಕ್ಷಣದ ಸ್ಥಿತಿ ಬರುತ್ತೆ. ಎಸ್‌ಇಎಲ್ ಚರಿತ್ರೆ, ಎಸ್‌ಡಿಆರ್ ವರ್ತಮಾನ. ಎಸ್‌ಇಎಲ್‌ನಲ್ಲಿ ಅದೇ ಸೆನ್ಸರಿಗೆ 'ಡಿಅಸರ್ಟೆಡ್' ಸಾಲು ಆಮೇಲೆ ಬಂದಿದ್ದರೆ ಸರಿಹೋಗಿದೆ ಎಂದರ್ಥ. ಬಂದಿಲ್ಲದಿದ್ದರೆ ನೀವು ಒಂದೇ ಕಾಲಲ್ಲಿ ನಿಂತಿದ್ದೀರಿ.

ತಾರೀಖಿಲ್ಲದ ಸಾಲು: ಬಿಎಂಸಿ ಎದ್ದಾಗ ಅದಕ್ಕಿನ್ನೂ ಗಡಿಯಾರ ಸಿಕ್ಕಿರಲಿಲ್ಲ. ಐಪಿಎಂಐಟೂಲ್ ಎಸ್‌ಇಎಲ್ ಟೈಮ್ ಗೆಟ್ ಹೊಡೆದು ಡೇಟ್ ಕಮಾಂಡಿನ ಜೊತೆ ಹೋಲಿಸಿ. ಬಹಳಷ್ಟು ಕಡೆ ಬಿಎಂಸಿ ಯುಟಿಸಿಯಲ್ಲಿ, ಲಿನಕ್ಸ್ ಸ್ಥಳೀಯ ಸಮಯದಲ್ಲಿ ಇರುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಡಿಮೆಸ್ಗ್ ಘಟನೆಗೂ ಎಸ್‌ಇಎಲ್ ಘಟನೆಗೂ ತಾಳೆ ಹಾಕಲು ಹೋದರೆ ಕಾರಣಕ್ಕೂ ಪರಿಣಾಮಕ್ಕೂ ಜಾಗ ಅದಲು ಬದಲಾಗುತ್ತೆ.

ಎಸ್‌ಇಎಲ್ ಇನ್ಫೋ ಹೊಡೆದು ಎಷ್ಟು ಶೇಕಡ ತುಂಬಿದೆ ನೋಡಿ. ತುಂಬಿದ ಮೇಲೆ ಕೆಲವು ಬಿಎಂಸಿಗಳು ಹೊಸ ಘಟನೆ ಬರೆಯುವುದನ್ನೇ ನಿಲ್ಲಿಸುತ್ತವೆ. 'ಲಾಗಿನಲ್ಲಿ ಹೊಸದೇನೂ ಇಲ್ಲ' ಎಂಬ ಸಮಾಧಾನಕ್ಕೆ ಅರ್ಥವಿರಲ್ಲ.

ಕಪ್ಪುತೆರೆ:
ಹಾಗಾಗಿ ಪ್ರತಿ ತಿಂಗಳು ಎಸ್‌ಇಎಲ್ ಕ್ಲಿಯರ್ ಮಾಡಿಬಿಡುವುದೇ ಒಳ್ಳೆಯದು.

ಇಣುಕು:
ಕಡತಕ್ಕೆ ಉಳಿಸಿಕೊಂಡ ಮೇಲೆ ಮಾಡಿ, ತಕರಾರಿಲ್ಲ. ಉಳಿಸದೆ ಮಾಡಿದರೆ ವಾರಂಟಿ ಕೇಳುವ ದಿನ ತೋರಿಸಲು ಏನೂ ಇರಲ್ಲ. ತಾನಾಗಿ ಅಳಿಸುವ ಕ್ರಾನ್ ಬೇಡ ಎಂಬುದು ನನ್ನ ಅಭಿಪ್ರಾಯ.

ಕಪ್ಪುತೆರೆ:
ಒಪ್ಪಿದೆ. ತಾಪಮಾನಕ್ಕೆ ಎಲ್‌ಎಂ-ಸೆನ್ಸರ್ಸ್ ಹಾಕಿ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಎಲ್ಲಕ್ಕೂ ಯೆಸ್ ಅನ್ನಿ, ಸುಲಭ.

ಇಣುಕು:
ಡೆಸ್ಕ್‌ಟಾಪಿನಲ್ಲಿ ಸರಿ. ಕೆಲಸದಲ್ಲಿರುವ ಸರ್ವರಿನಲ್ಲಿ ಬೇಡ. ಅದು ಎಸ್‌ಎಂಬಸ್ (ಬೋರ್ಡಿನ ಚಿಪ್ಪುಗಳು ಮಾತಾಡಿಕೊಳ್ಳುವ ತಂತಿ) ಮೇಲೆ ಯಾವ ವಿಳಾಸದಲ್ಲಿ ಯಾವ ಚಿಪ್ ಇದೆ ಅಂತ ತಟ್ಟಿ ನೋಡುತ್ತೆ. ಅದೇ ಬಸ್ಸನ್ನು ಬಿಎಂಸಿಯೂ ಬಳಸುತ್ತಿದ್ದರೆ ಗೊಂದಲ ಗ್ಯಾರಂಟಿ. ಸಿಪಿಯು ತಾಪಕ್ಕೆ ಇಂಟೆಲ್ ಆದರೆ ಕೋರ್‌ಟೆಂಪ್, ಎಎಂಡಿ ಆದರೆ ಕೆ10ಟೆಂಪ್, ಆ ಒಂದು ಮಾಡ್ಯೂಲ್ ಸಾಕು. ಫ್ಯಾನ್, ವೋಲ್ಟೇಜ್, ಗಾಳಿ ಒಳಬರುವ ಕಡೆಯ ತಾಪ ಎಲ್ಲ ಐಪಿಎಂಐನಿಂದಲೇ ಬರುತ್ತೆ.

ಓದುವಾಗ ಎರಡು ಎಚ್ಚರ. 'ಎನ್‌ಎಸ್' ಅಂದರೆ ರೀಡಿಂಗ್ ಇಲ್ಲ ಅಷ್ಟೆ, ಆ ಜಾಗದಲ್ಲಿ ಫ್ಯಾನೇ ಇಲ್ಲದಿರಬಹುದು. 0 ಆರ್‌ಪಿಎಂ ಅಂತ ಬಂದರೆ ಫ್ಯಾನ್ ನಿಂತಿರುವ ಸಾಧ್ಯತೆ ಹೆಚ್ಚು. 12 ವೋಲ್ಟ್ ಸಾಲು 11.4ರಿಂದ 12.6ರ ನಡುವೆ ಇರಬೇಕು, ಅಂದರೆ ಶೇಕಡ 5ರ ಅಂತರ. ಸಿಪಿಯು ತಾಪ ಈಗ 60 ಇದೆ ಎಂಬುದಕ್ಕಿಂತ ಹಿಂದೆ ಎಷ್ಟು ಸಲ ಬಿಸಿಯಾಗಿ ವೇಗ ಇಳಿಸಿಕೊಂಡಿದೆ ಎಂಬುದು ಮುಖ್ಯ. ಇಂಟೆಲ್‌ನಲ್ಲಿ /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಥರ್ಮಲ್_ಥ್ರಾಟಲ್ ಒಳಗೆ ಪ್ಯಾಕೇಜ್_ಥ್ರಾಟಲ್_ಕೌಂಟ್ ಇದೆ. ಒಂದು ಸಾಕೆಟ್ ಮಾತ್ರ ಏರುತ್ತಿದ್ದು ಇನ್ನೊಂದು ಸೊನ್ನೆಯಲ್ಲಿದ್ದರೆ ಕೋಣೆಯ ಬಿಸಿಯನ್ನು ದೂರಬೇಡಿ. ಹೀಟ್‌ಸಿಂಕ್, ಪೇಸ್ಟ್, ಅಥವಾ ಆ ಬದಿಯ ಫ್ಯಾನ್ ಇರಬೇಕು.

ಬಿಟ್‌ಬದಲು:
ಮೆಮೊರಿಯನ್ನು ಯಾರೂ ಮುಟ್ಟಲಿಲ್ಲ. ಮೊದಲು ಇಸಿಸಿ (ಮೆಮೊರಿಯ ತಪ್ಪು ಹಿಡಿದು ಸರಿಪಡಿಸುವ ವ್ಯವಸ್ಥೆ) ನಿಜಕ್ಕೂ ಇದೆಯೇ ನೋಡಿ: ಡಿಎಂಐಡಿಕೋಡ್ -ಟಿ ಮೆಮೊರಿ. ಡಿಡಿಆರ್4 ಆದರೆ ಟೋಟಲ್ ವಿಡ್ತ್ 72, ಡೇಟಾ ವಿಡ್ತ್ 64 ಇರಬೇಕು. ಎರಡೂ 64 ಅಂದರೆ ಇಸಿಸಿ ಇಲ್ಲ, ತಪ್ಪು ಎಣಿಸುವವರೇ ಇಲ್ಲ.

ಇದ್ದರೆ ರಾಸ್‌ಡೀಮನ್ ಹಾಕಿ ಸರ್ವಿಸ್ ಶುರು ಮಾಡಿ, ಘಟನೆಗಳನ್ನು ಡೇಟಾಬೇಸಿಗೆ ಬರೆದಿಡುವ ಹಾಗೆ ರೆಕಾರ್ಡ್ ಆಯ್ಕೆ ಆನ್ ಇರಲಿ. ರಾಸ್-ಎಂಸಿ-ಸಿಟಿಎಲ್ --ಎರರ್-ಕೌಂಟ್ ಹೊಡೆದರೆ ಪ್ರತಿ ಡಿಮ್ಮಿಗೆ (ಮೆಮೊರಿ ಕಡ್ಡಿಗೆ) ಎರಡು ಅಂಕಿ: ಸಿಇ ಅಂದರೆ ಸರಿಪಡಿಸಿದ್ದು, ಯುಇ ಅಂದರೆ ಸರಿಪಡಿಸಲಾಗದ್ದು. ಹಳೆಯ ಎಂಸಿಇಲಾಗ್ ಬಗ್ಗೆ ಎಲ್ಲಾದರೂ ಓದಿದ್ದರೆ ಮರೆತುಬಿಡಿ, ಹೊಸ ಎಎಂಡಿ ಪ್ರೊಸೆಸರುಗಳಲ್ಲಿ ಅದು ಕೆಲಸಕ್ಕೆ ಬರಲ್ಲ.

ತಿಂಗಳಿಗೆ ಒಂದೋ ಎರಡೋ ಸಿಇ ಬಂದರೆ ಡಿಮ್ ಕಿತ್ತು ಎಸೆಯಬೇಕಿಲ್ಲ. ಒಂದೇ ಡಿಮ್ಮಿನಲ್ಲಿ ಗಂಟೆಗೆ ಗಂಟೆಗೆ ಏರುತ್ತಿದ್ದರೆ ಬಿಡಬಾರದು. ಆಗ --ಎರರ್ಸ್ ಕೊಟ್ಟು ವಿಳಾಸ ನೋಡಿ. ಮತ್ತೆ ಮತ್ತೆ ಅದೇ ಸಾಲು, ಅದೇ ಬ್ಯಾಂಕ್ ಬಂದರೆ ಡಿಮ್ಮಿನ ಒಂದು ಚಿಪ್ ಹೋಗಿದೆ. ಇಡೀ ಚಾನೆಲ್ಲಿನ ತುಂಬ ಹರಡಿದ್ದರೆ ಡಿಮ್ ಬದಲಿಸಿ ದುಡ್ಡು ಕಳೆಯುವ ಮುನ್ನ ಅದನ್ನು ಬೇರೆ ಸ್ಲಾಟಿಗೆ ಹಾಕಿ ನೋಡಬೇಕು. ತಪ್ಪು ಡಿಮ್ಮಿನ ಹಿಂದೆ ಹೋದರೆ ಡಿಮ್. ಸ್ಲಾಟಿನಲ್ಲೇ ಉಳಿದರೆ ಸ್ಲಾಟ್, ಸಾಕೆಟ್ಟಿನ ಪಿನ್, ಅಥವಾ ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್.

ಯುಇ ಒಂದು ಬಂದರೂ ಒಂದೇ, ನೂರು ಬಂದರೂ ಒಂದೇ, ಡಿಮ್ ಬದಲಿಸಿ. ಯಂತ್ರ ಪ್ಯಾನಿಕ್ ಆಗದೆ ಉಳಿದಿದ್ದರೆ ಕರ್ನಲ್ ಆ ಪುಟವನ್ನು ಬಳಕೆಯಿಂದ ತೆಗೆದಿರುತ್ತೆ. /ಪ್ರಾಕ್/ಮೆಮ್‌ಇನ್ಫೋ ಒಳಗೆ 'ಹಾರ್ಡ್‌ವೇರ್ ಕರಪ್ಟೆಡ್' ಸಾಲು 0 ಅಲ್ಲದಿದ್ದರೆ ಅದೇ.

ರೂಟ್_ಅಲ್ಲ:
ಎಲ್ಲ ಡಿಮ್ಮಿಗೂ 0, 0. ಖುಷಿ ಪಡಲೇ?

ಬಿಟ್‌ಬದಲು:
ಇನ್ನೂ ಬೇಡ. ಕೆಲವು ಸರ್ವರುಗಳಲ್ಲಿ ಫರ್ಮ್‌ವೇರ್ ಮೊದಲು ತಪ್ಪನ್ನು ತಾನೇ ಹಿಡಿದುಕೊಳ್ಳುತ್ತೆ, ತನಗೆ ಸಾಕೆನ್ನಿಸಿದಷ್ಟು ಆದ ಮೇಲೆ ಮಾತ್ರ ಓಎಸ್‌ಗೆ ಹೇಳುತ್ತೆ. ಆಗ ಲಿನಕ್ಸ್ ಕಡೆಯ ಸೊನ್ನೆಗೆ 'ತಪ್ಪಿಲ್ಲ' ಅಂತಲ್ಲ, 'ನನಗೆ ಹೇಳಿಲ್ಲ' ಅಂತಷ್ಟೇ ಅರ್ಥ. ಡಿಮೆಸ್ಗ್‌ನಲ್ಲಿ 'ಜಿಎಚ್‌ಇಎಸ್' ಹುಡುಕಿ. ಫರ್ಮ್‌ವೇರ್ ಫಸ್ಟ್ ಅಂತಿದ್ದರೆ ಎಸ್‌ಇಎಲ್‌ನಲ್ಲಿ ಮೆಮೊರಿ ಸಾಲು ಇದೆಯೇ ಅಂತ ಅಲ್ಲೇ ನೋಡಬೇಕು. ಎರಡೂ ಕಡೆ ಏನಿಲ್ಲದಿದ್ದರೆ ಖುಷಿ ಪಡಿ.

ಮೂರನೇಪಾಳಿ:
ಎನ್‌ವಿಎಂಇ ಬಗ್ಗೆ ಚುಟುಕಾಗಿ. ಎನ್‌ವಿಎಂಇ ಸ್ಮಾರ್ಟ್-ಲಾಗ್ /ಡೆವ್/ಎನ್‌ವಿಎಂಇ0. ಕ್ರಿಟಿಕಲ್ ವಾರ್ನಿಂಗ್ 0 ಇರಲೇಬೇಕು. ಮೀಡಿಯಾ ಎರರ್ಸ್ ಕೂಡ 0. ಪರ್ಸೆಂಟೇಜ್ ಯೂಸ್ಡ್ 100 ದಾಟಬಹುದು. ದಾಟಿದ ಕೂಡಲೇ ಸಾಯುತ್ತೆ ಅಂತಲ್ಲ, ತಯಾರಕರು ಲೆಕ್ಕ ಹಾಕಿದ ಬರೆಯುವ ಆಯಸ್ಸು ಮುಗಿದಿದೆ ಅಂತ. ಡೇಟಾ ಯೂನಿಟ್ಸ್ ರಿಟನ್ ಅಂಕಿಯನ್ನು 5,12,000ದಿಂದ ಗುಣಿಸಿದರೆ ಬೈಟ್ ಬರುತ್ತೆ. 512ರಿಂದ ಗುಣಿಸಿ ಸಾವಿರ ಪಟ್ಟು ಕಡಿಮೆ ಲೆಕ್ಕ ಹಾಕುವವರು ಇದ್ದಾರೆ.

ಎಲ್‌ಎಸ್‌ಪಿಸಿಐ -ವಿವಿ ರೂಟಾಗಿ ಹೊಡೆದು ಅದೇ ಡ್ರೈವಿನ ಎಲ್‌ಎನ್‌ಕೆಕ್ಯಾಪ್, ಎಲ್‌ಎನ್‌ಕೆಸ್ಟಾ ಎರಡು ಸಾಲು ಹೋಲಿಸಿ. ಮೊದಲನೆಯದು ಏನು ಸಾಧ್ಯ ಎಂಬುದು, ಎರಡನೆಯದು ಈಗ ಏನು ಸಿಕ್ಕಿದೆ ಎಂಬುದು. ನಾಲ್ಕು ಲೇನಿನ ಕಾರ್ಡು ಎರಡರಲ್ಲಿ 'ಡೌನ್‌ಗ್ರೇಡೆಡ್' ಅಂತ ಕೂತಿದ್ದರೆ ಸರಿಯಾಗಿ ಕೂರದ ಕಾರ್ಡು ಅಥವಾ ರೈಸರ್ ಇರಬಹುದು, ಇಲ್ಲವೇ ಆ ಸ್ಲಾಟಿಗೇ ಎರಡು ಲೇನ್ ಇರಬಹುದು. ಡಿಮೆಸ್ಗ್‌ನಲ್ಲಿ 'ಎಇಆರ್ ಕರೆಕ್ಟೆಡ್' ಸಾಲುಗಳೂ (ಪಿಸಿಐ ಲಿಂಕಿನಲ್ಲಿ ಸರಿಪಡಿಸಿದ ತಪ್ಪುಗಳು) ಸುರಿಯುತ್ತಿದ್ದರೆ ಕಾರ್ಡು ಅಥವಾ ರೈಸರ್ ಸರಿಯಾಗಿ ಕೂತಿಲ್ಲ ಎಂಬುದೇ. ಜಿಪಿಯುಗಳಲ್ಲಿ ಸುಮ್ಮನಿದ್ದಾಗ ವೇಗ ಇಳಿದು ಕಾಣುವುದು ಮಾತ್ರ ಸಹಜ, ಕೆಲಸ ಕೊಟ್ಟು ನೋಡಿ.

ನೆಟ್‌ವರ್ಕಿಗೆ ಈಥ್‌ಟೂಲ್ ದೊಡ್ಡಕ್ಷರದ -ಎಸ್ ಒಳಗೆ ಸಿಆರ್‌ಸಿ ಸಾಲು, ಫೈಬರ್ ಆದರೆ ಈಥ್‌ಟೂಲ್ -ಎಂ ಕೊಟ್ಟು ಬರುವ ಬೆಳಕಿನ ಡಿಬಿಎಂ. ಅಷ್ಟು ಸಾಕು.

ನೆರಳುಸಾಲು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದರಲ್ಲಿ ರೈಡ್ ಕಾರ್ಡ್ ಇದೆ. ಸ್ಮಾರ್ಟ್‌ಸಿಟಿಎಲ್ /ಡೆವ್/ಎಸ್‌ಡಿಎ ಅಂದರೆ ಕಾರ್ಡಿನ ಹೆಸರು ಮಾತ್ರ ಬರುತ್ತೆ, ಸ್ಮಾರ್ಟ್ ಇಲ್ಲ ಅನ್ನುತ್ತೆ.

ಹಳೇಕೇಬಲ್:
ಎಸ್‌ಡಿಎ ಅನ್ನುವುದು ಅಲ್ಲಿ ಡಿಸ್ಕಲ್ಲ, ಕಾರ್ಡು ತೋರಿಸುವ ಕಟ್ಟು. ಮೆಗಾರೈಡ್ ಬಗೆಯದಾದರೆ -ಡಿ ಮೆಗಾರೈಡ್,ಎನ್ ಕೊಡಿ. ಎನ್ ಜಾಗದಲ್ಲಿ ಡಿಸ್ಕಿನ ಡಿಐಡಿ (ಕಾರ್ಡು ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ). ಡಿಐಡಿ ಬೇರೆ, ಸ್ಲಾಟ್ ಸಂಖ್ಯೆ ಬೇರೆ. ಸ್ಟೋರ್‌ಸಿಎಲ್‌ಐ /ಸಿ0/ಇಆಲ್/ಎಸ್‌ಆಲ್ ಶೋ ಆಲ್ ಹೊಡೆದರೆ ಎರಡೂ ಬರುತ್ತೆ, ಜೊತೆಗೆ ಮೀಡಿಯಾ ಎರರ್, ಅದರ್ ಎರರ್, ಪ್ರಿಡಿಕ್ಟಿವ್ ಫೇಲ್ಯೂರ್ ಎಣಿಕೆಗಳೂ. ಮೀಡಿಯಾ ಎರರ್ ಡಿಸ್ಕಿನದು, ಅದರ್ ಎರರ್ ಹೆಚ್ಚಾಗಿ ಸಂಪರ್ಕದ್ದು. ಬರೆಯುವ ವೇಗ ಏಕಾಏಕಿ ಬಿದ್ದಿದ್ದರೆ /ಸಿ0/ಸಿವಿ ಶೋ ನೋಡಿ. ಕ್ಯಾಶ್ ಕಾಯುವ ಕೆಪಾಸಿಟರ್ ಕೈಕೊಟ್ಟರೆ ಕಾರ್ಡ್ ರೈಟ್-ಬ್ಯಾಕ್ (ಕ್ಯಾಶಿಗೆ ಬಂದರೆ ಸಾಕು ಎನ್ನುವುದು) ಬಿಟ್ಟು ರೈಟ್-ಥ್ರೂಗೆ (ಡಿಸ್ಕಿಗೆ ತಲುಪುವವರೆಗೂ ಕಾಯುವುದು) ಇಳಿಯುತ್ತೆ. ಎಲ್ಲ ಡಿಸ್ಕ್ ಸರಿಯಿದ್ದೂ ನಿಧಾನ.

ಎಸ್‌ಎಎಸ್ ಡಿಸ್ಕಾದರೆ (ಸಾಟಾ ಅಲ್ಲದ, ಸರ್ವರುಗಳಲ್ಲಿ ಕಾಣುವ ಬಗೆ) 5, 197 ಹುಡುಕಬೇಡಿ, ಆ ಪಟ್ಟಿಯೇ ಇಲ್ಲ. 'ಎಲಿಮೆಂಟ್ಸ್ ಇನ್ ಗ್ರೋನ್ ಡಿಫೆಕ್ಟ್ ಲಿಸ್ಟ್' ಏರುತ್ತಿದೆಯೇ, ಎರರ್ ಕೌಂಟರ್ ಪಟ್ಟಿಯ ಕೊನೇ ಕಾಲಮ್ ಸೊನ್ನೆಯೇ, ಅಷ್ಟು ನೋಡಿ.

ರೂಟ್_ಅಲ್ಲ:
ಚೆಕ್ ಮುಗಿಯಿತು. ನಿಲ್ಲುವುದು ಏಳೆಂಟು ಸೆಕೆಂಡಿಗೆ ಇಳಿಯಿತು, ಡಿಮೆಸ್ಗ್‌ನಲ್ಲಿ ಈಗ ರಿಸೆಟ್ ಬದಲು 'ಯುಎನ್‌ಸಿ', ಅದರ ಕೆಳಗೆ 'ರೀಡ್ ಎರರ್ ಕರೆಕ್ಟೆಡ್'. 197 ಸೊನ್ನೆಯಾಯಿತು, 5 ಈಗ 16. ಆದರೆ ಎರಡು ದಿನದಲ್ಲಿ 197 ಮತ್ತೆ 8.

ಹಳೇಕೇಬಲ್:
ಒಮ್ಮೆ ಇಳಿದು ಸುಮ್ಮನಿದ್ದಿದ್ದರೆ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ಮತ್ತೆ ಏರಿದ್ದರಿಂದ ಡಿಸ್ಕ್ ಬದಲಿಸಿ. ಖಾಲಿ ಪೋರ್ಟ್ ಇದ್ದರೆ ಹಳೆಯದನ್ನು ಫೇಲ್ ಮಾಡಬೇಡಿ. ಹೊಸದನ್ನು ಎಂಡಿಎಡಿಎಂ --ಆ್ಯಡ್ ಮಾಡಿ, ಆಮೇಲೆ --ರಿಪ್ಲೇಸ್ ಎಸ್‌ಡಿಇ --ವಿತ್ ಹೊಸ ಡಿಸ್ಕ್. ನಕಲು ಮುಗಿಯುವವರೆಗೂ ಹಳೆಯದು ಒಳಗೇ ಇರುತ್ತೆ, ಎರಡು ಡಿಸ್ಕಿನ ರಕ್ಷಣೆ ಕೈಬಿಡಲ್ಲ.

ಅಲ್ಲಿ ಕೈಯಾಡಿಸುವವರಿಗೆ 'ಎಸ್‌ಡಿಇ ತೆಗೆಯಿರಿ' ಅನ್ನಬೇಡಿ, ಅವರಿಗೆ ಎಸ್‌ಡಿಇ ಕಾಣಲ್ಲ. ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೀರಿಯಲ್ ಕೊಟ್ಟು ಸೀರಿಯಲ್ ನಂಬರ್ ಬರೆದು ಕಳಿಸಿ. ಬ್ಯಾಕ್‌ಪ್ಲೇನ್ ಬೆಂಬಲಿಸಿದರೆ ಲೆಡ್‌ಸಿಟಿಎಲ್ ಲೊಕೇಟ್=/ಡೆವ್/ಎಸ್‌ಡಿಇ ದೀಪ ಮಿನುಗಿಸುತ್ತೆ. ಯಾವ ಯಂತ್ರ ಎಂಬುದಕ್ಕೆ ಐಪಿಎಂಐಟೂಲ್ ಚಾಸಿ ಐಡೆಂಟಿಫೈ 60. ಹೋದ ಕೈಯಲ್ಲೇ ಪಿಎಸ್2ರ ತಂತಿಯನ್ನೂ ನೋಡಲಿ.

ರೂಟ್_ಅಲ್ಲ:
ಪಿಎಸ್2ರ ತಂತಿ ಪಿಡಿಯುನಿಂದ ಅರ್ಧ ಹೊರಬಂದಿತ್ತಂತೆ, ಒತ್ತಿದ ಕೂಡಲೇ 'ಡಿಅಸರ್ಟೆಡ್' ಬಂತು. ರಿಪ್ಲೇಸ್ ನಡೀತಾ ಇದೆ. ಇನ್ನೊಂದು ಕಣ್ಣಿಗೆ ಬಿತ್ತು: ಉಳಿದ ಐದು ಡಿಸ್ಕಿನ ಪವರ್-ಆನ್ ಗಂಟೆ ಒಂದೇ, ಮಾದರಿಯೂ ಒಂದೇ. ಚಿಂತೆ ಮಾಡಬೇಕೇ?

ಮೂರನೇಪಾಳಿ:
ಫರ್ಮ್‌ವೇರ್ ಟಿಪ್ಪಣಿ ಓದುವಷ್ಟು ಚಿಂತೆ ಮಾಡಿ. 2019ರ ನವೆಂಬರಿನಲ್ಲಿ ಎಚ್‌ಪಿಇ ತನ್ನ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಮೇಲೆ ಸತ್ತೇಹೋಗುತ್ತವೆ ಅಂತ ಎಚ್ಚರಿಕೆ ಕೊಟ್ಟಿತ್ತು. 2020ರ ಮಾರ್ಚಿನಲ್ಲಿ ಬೇರೆ ಕೆಲವು ಮಾದರಿಗಳಿಗೆ 40,000 ಗಂಟೆ ಅಂದಿತು. ಒಂದೇ ದಿನ ಚಾಲೂ ಮಾಡಿದವು ಒಂದೇ ಗಂಟೆಗೆ ಹೋದರೆ ಯಾವ ರೈಡೂ ಕಾಯಲ್ಲ. ಮದ್ದು ಫರ್ಮ್‌ವೇರ್ ಅಪ್‌ಡೇಟ್ ಆಗಿತ್ತು, ಅದೂ ಗಡುವಿಗೆ ಮುಂಚೆ.

ಇನ್ನು ದಿನನಿತ್ಯಕ್ಕೆ ಸ್ಮಾರ್ಟ್‌ಡಿ, ಅಂದರೆ ಡಿಸ್ಕುಗಳನ್ನು ಹಿನ್ನೆಲೆಯಲ್ಲಿ ಕಾಯುವ ಸರ್ವಿಸ್. ಅದರ ಕಾನ್ಫಿಗ್ ಕಡತದಲ್ಲಿ ಡಿವೈಸ್‌ಸ್ಕ್ಯಾನ್ ಒಂದೇ ಸಾಲು ಹಾಕಿದರೆ ಎಲ್ಲ ಡಿಸ್ಕಿನ ಲಾಂಗ್ ಟೆಸ್ಟ್ ಒಂದೇ ರಾತ್ರಿ ಶುರುವಾಗುತ್ತೆ, ಬೆಳಗಾದರೂ ಮುಗಿಯಲ್ಲ. ಡಿಸ್ಕಿಗೊಂದು ಸಾಲು ಬರೆಯಿರಿ, /ಡೆವ್/ಡಿಸ್ಕ್/ಬೈ-ಐಡಿ ಹೆಸರಿನಲ್ಲಿ. ಮೊದಲನೆಯದಕ್ಕೆ -ಎಸ್ ಎಲ್/../../1/02, ಅಂದರೆ ಸೋಮವಾರ ನಸುಕಿನ 2 ಗಂಟೆ; ಎರಡನೆಯದಕ್ಕೆ 2, ಹೀಗೆ ಶನಿವಾರದವರೆಗೆ. ಭಾನುವಾರ ಬಿಟ್ಟುಬಿಡಿ. ಡೆಬಿಯನ್ ಬಗೆಯವುಗಳಲ್ಲಿ ತಿಂಗಳ ಮೊದಲ ಭಾನುವಾರ ಎಂಡಿಎಡಿಎಂ ತಾನೇ ಚೆಕ್ ಓಡಿಸುತ್ತೆ. ಪ್ರತಿ ಸಾಲಿಗೂ -ಎಂ ವಿಳಾಸ, ಮೊದಲ ಸಲ ದೊಡ್ಡಕ್ಷರದ -ಎಂ ಟೆಸ್ಟ್ ಕೂಡ ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಆರು ಮೇಲ್ ಬರಬೇಕು.

ರೂಟ್_ಅಲ್ಲ:
ಒಂದೂ ಬರಲಿಲ್ಲ.

ಮೂರನೇಪಾಳಿ:
ಮೇಲ್ ಕಮಾಂಡೇ ಇಲ್ಲದ ಯಂತ್ರ ಇರಬೇಕು. ಜರ್ನಲ್‌ಸಿಟಿಎಲ್ -ಯು ಸ್ಮಾರ್ಟ್‌ಡಿ ಹೊಡೆಯಿರಿ, ಸರ್ವಿಸ್ ಹೆಸರು ಕೆಲವು ಕಡೆ ಸ್ಮಾರ್ಟ್‌ಮಾನ್‌ಟೂಲ್ಸ್. 'ಟೆಸ್ಟ್ ಆಫ್ ಮೇಲ್' ಪಕ್ಕ 'ಫೇಲ್ಡ್' ಅಂತಿರುತ್ತೆ.

ರೂಟ್_ಅಲ್ಲ:
ಅದೇ. ಮೇಲ್ ಕಳಿಸುವ ಪ್ಯಾಕೇಜ್ ಹಾಕಿದೆ. ಈಗ ಆರೂ ಬಂದವು.